ಆರ್ ಭಾಷೆಯಲ್ಲಿ ಆವರ್ತನ: ಬರಿದಾದ ಪಟ್ಟಿಯ ಪ್ರಶ್ನೆ

ಜನಪದ ಗೀತೆಗಳನ್ನು ಊರುವಾರು ಎಣಿಸಲು ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳು ನೆರವಾಗುತ್ತವೆ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದ ‘ಆರ್’ ಅವುಗಳಲ್ಲೊಂದು. ಅದರ ‘ಫಾರ್’ ಆವರ್ತನವು ಪಟ್ಟಿಯ ಪ್ರತಿ ಅಂಶಕ್ಕೂ ಒಂದೇ ಆದೇಶವನ್ನು ಮರುಕಳಿಸುತ್ತದೆ.

ಆದರೆ ಆವರ್ತನದ ಮಿತಿಯನ್ನು ‘1ರಿಂದ ಪಟ್ಟಿಯ ಉದ್ದದವರೆಗೆ’ ಎಂದು ಬರೆಯುವ ರೂಢಿಯಲ್ಲಿ ದೋಷವೊಂದು ಅಡಗಿದೆ. ಬರಿದಾದ ಪಟ್ಟಿಯ ಉದ್ದ 0. ‘ಆರ್’ ಆಗ 1, 0 ಎಂದು ಇಳಿಮುಖವಾಗಿ ಎಣಿಸುವುದರಿಂದ ಆವರ್ತನವು ಎರಡು ಬಾರಿ ನಡೆಯುತ್ತದೆ. ಸುತ್ತಿಗೊಂದರಂತೆ ಲೆಕ್ಕವಿಡುವ ಸ್ಕ್ರಿಪ್ಟ್, ಒಂದು ಹಾಡೂ ದೊರೆಯದ ಊರಿಗೆ ಎರಡು ಹಾಡುಗಳನ್ನು ದಾಖಲಿಸುತ್ತದೆ. ಮಿತಿಯನ್ನು ‘ಸೀಕ್_ಅಲಾಂಗ್’ ಎಂಬ ಆದೇಶದಿಂದ ಪಡೆದರೆ ಬರಿದಾದ ಪಟ್ಟಿಗೆ ಆವರ್ತನವು ಒಮ್ಮೆಯೂ ನಡೆಯದು.

ಕ್ಷೇತ್ರಕಾರ್ಯದಲ್ಲಿ ‘ದೊರೆಯಲಿಲ್ಲ’ ಎಂಬುದೂ ಮಾಹಿತಿಯೇ. ಯಂತ್ರವು ಅದನ್ನು ಅಳಿಸದಂತೆ ಕಾಯುವುದು ಸಂಶೋಧಕರ ಹೊಣೆ.