ವಾಗ್ದಾನದ ಚೀಟಿಯ ಹಿಂದುಮುಂದು

ತಮಿಳುನಾಡಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೊಸ ವರ್ಷಕ್ಕೊಂದು ವಚನವಿರುತ್ತದೆ. ನೀಲಗಿರಿಯ ಸಭೆಗಳೂ ಇದಕ್ಕೆ ಹೊರತಲ್ಲ. ಡಿಸೆಂಬರ್ 31ರ ನಡುರಾತ್ರಿಯ ಆರಾಧನೆ ಮುಗಿಯುತ್ತಿದ್ದಂತೆ ಮನೆಗೊಂದರಂತೆ, ಕೆಲವೆಡೆ ತಲೆಗೊಂದರಂತೆ, ಜನ ತಟ್ಟೆಯಿಂದ ಚೀಟಿ ಎತ್ತಿಕೊಳ್ಳುತ್ತಾರೆ. ದೇವರು ಎಂದೋ ಯಾರಿಗೋ ಕೊಟ್ಟ ಮಾತೊಂದು ಬೈಬಲಿನಿಂದ ಆಯ್ದು ಅದರಲ್ಲಿ ಅಚ್ಚಾಗಿರುತ್ತದೆ. ಅದೇ ಆ ಮನೆಯ ಆ ವರ್ಷದ ವಾಗ್ದಾನ. ಗೋಡೆಯ ಕ್ಯಾಲೆಂಡರಿನ ಪಕ್ಕ, ಅಂಗಡಿಯ ಗಲ್ಲಾದ ಮೇಲೆ, ಜೀಪಿನ ಗಾಜಿನ ಒಳಮೈಗೆ ಅದು ಅಂಟಿಕೊಳ್ಳುತ್ತದೆ. ಮಗುವಿನ ಪರೀಕ್ಷೆ, ಆಸ್ಪತ್ರೆಯ ವರದಿ, ತೋಟದ ಸಾಲ ಯಾವುದು ಬಂದರೂ ಮನೆಯವರು ಮೊದಲು ನೆನೆಯುವುದು ಆ ವಚನವನ್ನೇ.

ಹೊರಗಿನಿಂದ ನೋಡಿದವರಿಗೆ ಇದು ಶಕುನ ಕೇಳಿದಂತೆ ಕಾಣಬಹುದು. ಆ ಅನುಮಾನ ಸಭೆಯ ಒಳಗೂ ಇದೆ, ಇರಬೇಕಾದದ್ದೇ. ದೇವರ ಮಾತನ್ನು ನಂಬುವುದಕ್ಕೂ ಕೈಗೆ ಬಂದ ಚೀಟಿಯನ್ನು ನಂಬುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂಬುದು ಕ್ರೈಸ್ತ ಬೋಧಕರನ್ನು ಮುನ್ನೂರು ವರ್ಷಗಳಿಂದ ಕಾಡಿದ ಪ್ರಶ್ನೆ.

ವಚನವನ್ನು ಹೀಗೆ ಬಿಡಿಯಾಗಿ ಮನೆಗೆ ಒಯ್ಯುವ ಪದ್ಧತಿ ಜರ್ಮನಿಯ ಭಕ್ತಿಪಂಥದಲ್ಲಿ ಗಟ್ಟಿಯಾಗಿ ಬೆಳೆಯಿತು. ಕಾರ್ಲ್ ಹೈನ್ರಿಖ್ ಫಾನ್ ಬೊಗಾಟ್ಸ್ಕಿ ಎಂಬಾತ 1718ರಲ್ಲಿ ದಿನಕ್ಕೊಂದು ವಚನದ ಸಣ್ಣ ಪುಸ್ತಕವೊಂದನ್ನು ಹೊರತಂದ. ಅದರ ಹೆಸರಿಗೆ ಚಿನ್ನದ ಪುಟ್ಟ ಪೆಟ್ಟಿಗೆ ಎಂಬರ್ಥವಿತ್ತು. ಹತ್ತು ವರ್ಷಗಳ ನಂತರ, 1728ರಲ್ಲಿ, ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಮೊರೇವಿಯನ್ ಕ್ರೈಸ್ತರಿಗೆ ಅವರ ಮುಖಂಡ ಕೌಂಟ್ ಜಿನ್ಜೆನ್‌ಡಾರ್ಫ್ ದಿನದ ವಚನವೊಂದನ್ನು ಕೊಡತೊಡಗಿದ. ಬೆಳಿಗ್ಗೆ ಒಬ್ಬರು ಮನೆ ಮನೆಗೆ ಹೋಗಿ ಆ ಮಾತನ್ನು ತಲುಪಿಸುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಪ್ರತಿವರ್ಷ ಅಚ್ಚಾಗುತ್ತ ಬಂದಿದೆ. ಅದರ ಕ್ರಮದಲ್ಲೊಂದು ಜಾಣತನವಿದೆ. ಹಳೆ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ತೆಗೆಯುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಒಬ್ಬರು ಕೂತು, ಓದಿ, ಯೋಚಿಸಿ ಆರಿಸುತ್ತಾರೆ. ಅರ್ಧ ಚೀಟಿಗೆ ಬಿಟ್ಟರೆ ಉಳಿದರ್ಧ ಓದಿಗೆ. ಚೀಟಿಯ ಪದ್ಧತಿ ಊರೂರು ಸುತ್ತುವಾಗ ಈ ಎರಡನೆಯ ಅರ್ಧ ಅನೇಕ ಕಡೆ ಉದುರಿಹೋಯಿತು.

ಇದೇ ಭಕ್ತಿಪಂಥದ ಮಣ್ಣಿನಿಂದ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದ ಅದರ ಮಿಷನರಿಗಳು 1846ರಲ್ಲಿ ನೀಲಗಿರಿ ಹತ್ತಿ ಕೇತಿಯಲ್ಲಿ ಠಾಣೆ ಹೂಡಿದರು. ಅವರನ್ನು ಅಲ್ಲಿಗೆ ಕರೆತಂದವನು ಮದರಾಸಿನ ನಿವೃತ್ತ ನ್ಯಾಯಾಧೀಶ ಜಾರ್ಜ್ ಕಾಸಮೇಜರ್. ಕನ್ನಡ ಕಲಿತು, ನೀಲಗಿರಿಯ ಬಡಗ ಸಮುದಾಯದ ಮಕ್ಕಳಿಗೆ ಶಾಲೆ ತೆರೆದಿದ್ದ ಆತ 1849ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯನ್ನು ಮಿಷನ್ನಿಗೆ ಬಿಟ್ಟುಹೋದ. ಕನ್ನಡಿಗರಿಗೆ ಆತನ ಇನ್ನೊಂದು ಋಣವೂ ಇದೆ: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಿಂದ ಹೊರತಂದದ್ದು ಈತನ ಹಣದಿಂದ. ಕೇತಿಯ ಕೆಲಸವೆಲ್ಲ ಮೊದಮೊದಲು ನಡೆದದ್ದು ಬಡಗ ನುಡಿಗೆ ತೀರ ಹತ್ತಿರದ ಕನ್ನಡದಲ್ಲೇ.

ದೇವರ ವಾಕ್ಯ ಮಳೆಯಂತೆ, ನೆಲಕ್ಕೆ ಬಿದ್ದ ಮೇಲೆ ಫಲ ಕೊಡದೆ ಹಿಂದಿರುಗದು ಎಂಬ ಭಾವದ ಮಾತು ಪ್ರವಾದಿ ಯೆಶಾಯನ ಗ್ರಂಥದಲ್ಲಿದೆ. ಎಲ್ಲ ದೇಶಗಳ ಮಿಷನರಿಗಳೂ ಆತುಕೊಂಡ ವಾಗ್ದಾನವದು. ಅದನ್ನು ಒರೆಗೆ ಹಚ್ಚಲು ಕೇತಿಗಿಂತ ಒಳ್ಳೆಯ ಜಾಗ ಸಿಗಲಾರದು. ಮಳೆಗೆ ಅಲ್ಲಿ ಬರವಿರಲಿಲ್ಲ, ಫಲಕ್ಕಿತ್ತು. ಗಾಟ್‌ಫ್ರೀಡ್ ವೈಗ್ಲೆ, ಬ್ಯೂಲರ್, ಮೆಟ್ಸ್ ಮೊದಲಾದವರು ಬಡಗರ ಹಟ್ಟಿಯಿಂದ ಹಟ್ಟಿಗೆ ನಡೆದರು. ಮೆಟ್ಸ್ ದಶಕಗಳ ಕಾಲ ನಡೆದ; ಹೋದಲ್ಲೆಲ್ಲ ಕೇಳಿಸಿಕೊಂಡದ್ದನ್ನು ಬರೆದಿಟ್ಟು ನೀಲಗಿರಿಯ ಬುಡಕಟ್ಟುಗಳ ಬಗ್ಗೆ ಇಂಗ್ಲಿಷಿನಲ್ಲೊಂದು ಪುಸ್ತಕ ಮಾಡಿದ, 1864ರಲ್ಲಿ ಮಂಗಳೂರಿನಲ್ಲಿ ಅದರ ಎರಡನೆಯ ಆವೃತ್ತಿಯೂ ಬಂತು. ಇಷ್ಟೆಲ್ಲ ಆದರೂ ಬಡಗರೊಬ್ಬರು ಮೊದಲ ಸಲ ದೀಕ್ಷಾಸ್ನಾನ ಪಡೆದದ್ದು 1858ರಲ್ಲಿ, ಠಾಣೆ ಹೂಡಿ ಹನ್ನೆರಡು ವರ್ಷ ಕಳೆದ ಮೇಲೆ. ಆಮೇಲೂ ಗುಂಪುಗುಂಪಾಗಿ ಯಾರೂ ಬರಲಿಲ್ಲ. ಬಂದವರು ಹಟ್ಟಿಯ ಬಾಳಿನಿಂದ, ಕುಲದ ಮದುವೆ ಸಾವುಗಳಿಂದ ಹೊರಗುಳಿಯಬೇಕಾಯಿತು. ಅವರ ಮಟ್ಟಿಗೆ ವಾಗ್ದಾನವನ್ನು ನಂಬುವುದೆಂದರೆ ಸುಖವನ್ನು ಎದುರುನೋಡುವುದಾಗಿರಲಿಲ್ಲ. ಇದ್ದ ಆಸರೆಯನ್ನು ಬಿಟ್ಟು ಬರಿಯ ಮಾತೊಂದರ ಮೇಲೆ ನಿಲ್ಲುವುದಾಗಿತ್ತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು. ಸಭೆ ಉಳಿಯಿತು. ಇಂದು ನೀಲಗಿರಿ ಜಿಲ್ಲೆ ದಕ್ಷಿಣ ಭಾರತ ಸಭೆಯ ಕೊಯಮತ್ತೂರು ಧರ್ಮಪ್ರಾಂತ್ಯದಲ್ಲಿದೆ. ಕೇತಿಯಲ್ಲಿ ಅದರ ಶಿಕ್ಷಣ ಸಂಸ್ಥೆಗಳೂ ಇವೆ.

ಇನ್ನು ಚೀಟಿಯಲ್ಲಿರುವ ವಚನಗಳ ಮಾತು. ಅಚ್ಚಿನಲ್ಲಿ ಎಲ್ಲವೂ ಒಂದೇ ಥರ ಕಂಡರೂ ಬೈಬಲಿನಲ್ಲಿ ವಾಗ್ದಾನಗಳು ಒಂದೇ ಬಗೆಯವಲ್ಲ. ಮುದಿವಯಸ್ಸಿನಲ್ಲಿ ಮಗ ಹುಟ್ಟುವನೆಂದು ಅಬ್ರಹಾಮನಿಗೆ ಕೊಟ್ಟ ಮಾತು ಆ ಒಬ್ಬನಿಗೆ ಕೊಟ್ಟದ್ದು. ಬಿತ್ತನೆ, ಕೊಯ್ಲು, ಚಳಿ, ಬಿಸಿಲು ನಿಲ್ಲವು ಎಂದು ಜಲಪ್ರಳಯದ ನಂತರ ಕೊಟ್ಟದ್ದು ಭೂಮಿಯ ಮೇಲಿನ ಎಲ್ಲರಿಗೂ. ಇಸ್ರಾಯೇಲ್ ಜನಾಂಗಕ್ಕೆ ಕೊಟ್ಟ ಅನೇಕ ಮಾತುಗಳಿಗೆ ಷರತ್ತಿದೆ: ಆಜ್ಞೆ ಪಾಲಿಸಿದರೆ ಹೀಗೆ, ಇಲ್ಲವಾದರೆ ಹಾಗೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯ ಇದಕ್ಕೆ ಚೊಕ್ಕ ಉದಾಹರಣೆ. ಸಾಲ ಪಡೆಯುವವರಲ್ಲ, ಕೊಡುವವರಾಗುತ್ತೀರಿ ಎಂಬಂಥ ವಚನಗಳು ಅಲ್ಲಿಂದಲೇ ಬಂದು ಚೀಟಿ ಸೇರುವುದು. ಆ ಅಧ್ಯಾಯದಲ್ಲಿರುವ 68 ವಚನಗಳಲ್ಲಿ ಆಶೀರ್ವಾದದವು ಮೊದಲ 14. ಉಳಿದ 54 ಎಚ್ಚರಿಕೆ ಮತ್ತು ಶಾಪ. ಆ ಐವತ್ನಾಲ್ಕರಲ್ಲಿ ಒಂದನ್ನೂ ಯಾವ ಮುದ್ರಕನೂ ಚೀಟಿಯಲ್ಲಿ ಅಚ್ಚು ಹಾಕಿಸಲಾರ.

ಯೆರೆಮೀಯನ 29ನೆಯ ಅಧ್ಯಾಯದ ಹನ್ನೊಂದನೆಯ ವಚನ ಇನ್ನೂ ಜನಪ್ರಿಯ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳಿತಿನದು ಎಂಬುದು ಅದರ ತಿರುಳು. ಪದವಿ ಮುಗಿಸಿ ಕೆಲಸ ಹುಡುಕುವ ಹುಡುಗರ ಮೇಜಿನ ಮೇಲೆ ಇದೇ ಇರುತ್ತದೆ. ಅದರ ಹಿಂದಿನ ವಚನವನ್ನೂ ಓದಿದರೆ ಚಿತ್ರ ಬದಲಾಗುತ್ತದೆ. ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಪತ್ರವದು, ಬಿಡುಗಡೆಗೆ ಎಪ್ಪತ್ತು ವರ್ಷ ಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ ಹನನ್ಯ ಎಂಬ ಪ್ರವಾದಿಯ ಮಾತು ಸುಳ್ಳೆಂದು ಹಿಂದಿನ ಅಧ್ಯಾಯದಲ್ಲೇ ತೀರ್ಮಾನವಾಗಿದೆ. ಪತ್ರ ಕೈಸೇರಿದ ದೊಡ್ಡವರಲ್ಲಿ ಹೆಚ್ಚಿನವರು ತಾಯ್ನೆಲ ಕಾಣದೆ ಸಾಯುವವರೇ. ಅಲ್ಲಿಯವರೆಗೆ ಅವರು ಮಾಡಬೇಕಾದ ಕೆಲಸವೂ ಪತ್ರದಲ್ಲೇ ಇದೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಸೆರೆಯಿಟ್ಟ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಹೀಗೆ ಓದಿದಾಗ ಆ ವಚನ ಕೆಲಸ ಸಿಗುವ ಸೂಚನೆಯಾಗಿ ಉಳಿಯುವುದಿಲ್ಲ. ದೀರ್ಘ ಕಾಯುವಿಕೆಯಲ್ಲಿ ಕೈಕಟ್ಟಿ ಕೂರಬೇಡಿ ಎಂಬ ಸಲಹೆಯಾಗುತ್ತದೆ. ನೀಲಗಿರಿಯ ಸಣ್ಣ ಚಹಾ ಬೆಳೆಗಾರರಿಗೆ ಈ ಓದು ಹೊಸದಾಗಿ ಹೇಳಿಕೊಡಬೇಕಾದದ್ದಲ್ಲ. 1990ರ ದಶಕದ ಕೊನೆಯಲ್ಲಿ ಕುಸಿದ ಹಸಿರೆಲೆಯ ಬೆಲೆ ಅವರಿಗೆ ಕಾಯುವುದನ್ನು ಚೆನ್ನಾಗಿಯೇ ಕಲಿಸಿದೆ.

ವಾಗ್ದಾನವನ್ನು ಸಂದರ್ಭದಿಂದ ಕಿತ್ತು ಬಳಸುವುದರ ಅಪಾಯವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಬೈಬಲೇ. ಮತ್ತಾಯನ ಸುವಾರ್ತೆಯಲ್ಲಿ ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ ಕೆಳಕ್ಕೆ ಹಾರು ಎನ್ನುವ ಸೈತಾನ ತನ್ನ ಮಾತಿಗೆ ಆಧಾರವಾಗಿ 91ನೆಯ ಕೀರ್ತನೆಯ ವಾಗ್ದಾನವನ್ನೇ ಹೇಳುತ್ತಾನೆ. ವಚನ ಸರಿಯಾದದ್ದೇ, ಬಳಕೆ ತಪ್ಪು. ದೇವರನ್ನು ಪರೀಕ್ಷಿಸಬಾರದೆಂದು ಯೇಸು ಒಲ್ಲೆನೆನ್ನುತ್ತಾನೆ. ಮಾತ್ರೆ ಬಿಟ್ಟು ಪ್ರಾರ್ಥನೆಯೊಂದನ್ನೇ ನಂಬಿ ಎನ್ನುವವರಿಗೂ, ಇಷ್ಟು ಕಾಣಿಕೆ ಹಾಕಿದರೆ ಅಷ್ಟು ಪಟ್ಟು ಮರಳಿ ಬರುತ್ತದೆ ಎನ್ನುವ ಬೋಧಕರಿಗೂ ಉತ್ತರ ಇದೇ ಪುಟದಲ್ಲಿದೆ. ಅವರ ಸಭಾಂಗಣಗಳು ಮಾತ್ರ ತುಂಬಿಯೇ ಇರುತ್ತವೆ.

ಬೆಟ್ಟದ ಮೇಲೆ ವಾಗ್ದಾನವನ್ನು ಹೇಗೆ ಓದಬೇಕೆಂಬ ಪ್ರಶ್ನೆ ಪುಸ್ತಕದಾಚೆಗೂ ಎದ್ದು ನಿಲ್ಲುತ್ತದೆ. 2009ರ ನವೆಂಬರಿನಲ್ಲಿ ಕೇತಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಗುಡ್ಡಗಳು ಜಾರಿ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನಡಿ ಸಿಕ್ಕ ಮನೆಯವರು ಯಾವ ದೇವರನ್ನು ನೆನೆದಿದ್ದರೆಂದು ಮಣ್ಣು ಕೇಳಲಿಲ್ಲ. ಇಂಥ ಸಾವಿನ ಮುಂದೆ ಕಾಪಾಡುವ ವಾಗ್ದಾನಗಳನ್ನು ಓದುವುದು ಹೇಗೆ? ಯೆಶಾಯನ 43ನೆಯ ಅಧ್ಯಾಯದಲ್ಲಿ ನೀರು, ಬೆಂಕಿ ಎದುರಾಗುವುದಿಲ್ಲ ಎಂಬ ಭರವಸೆಯಿಲ್ಲ. ಅವುಗಳನ್ನು ಹಾಯುವಾಗ ಜೊತೆಗಿರುವೆನೆಂಬ ಮಾತಿದೆ. ಪ್ರಳಯದ ನಂತರದ ವಾಗ್ದಾನವೂ ಇನ್ನು ಪ್ರವಾಹವೇ ಬರದು ಎನ್ನುವುದಿಲ್ಲ, ಭೂಮಿಯೆಲ್ಲ ಮತ್ತೆ ಮುಳುಗದು ಎನ್ನುತ್ತದೆ. ದುಃಖದ ಮನೆಯಲ್ಲಿ ಈ ವ್ಯತ್ಯಾಸ ಹೇಳಿದರೆ ನೆಮ್ಮದಿ ಸಿಕ್ಕೇಬಿಡುತ್ತದೆ ಎನ್ನಲಾಗದು. ಆದರೆ ಸತ್ತವರ ನಂಬಿಕೆ ಸಾಲದೆ ಹೋಯಿತೆಂಬ ಕ್ರೂರ ಮಾತನ್ನು ಇದು ತಡೆಯುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ನಂಬಿಕೆಯ ವೀರರ ಪಟ್ಟಿಯೆಂದು ಹೆಸರಾದದ್ದು. ವಾಗ್ದಾನದ ಫಲ ಕಾಣದೆಯೇ ಇವರು ಸತ್ತರು ಎಂಬ ಒಪ್ಪಿಗೆ ಅದೇ ಪಟ್ಟಿಯ ನಡುವೆ ಇದೆ.

ಆ ಪಟ್ಟಿಯಲ್ಲಿ ಹೆಚ್ಚು ಜಾಗ ಪಡೆದವನು ಅಬ್ರಹಾಮ. ನೀಲಗಿರಿ ಜಿಲ್ಲೆಯದೇ ಆದ ಗೂಡಲೂರಿನ ಕಡೆಯವರಿಗೆ ಅವನ ಕಥೆ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ತಿರುವಾಂಕೂರಿನಿಂದ ಗುಡ್ಡ ಹತ್ತಿ ಬಂದ ಸಿರಿಯನ್ ಕ್ರೈಸ್ತ ಕುಟುಂಬಗಳೂ, 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿ ಸರ್ಕಾರಿ ಚಹಾ ತೋಟಗಳಲ್ಲಿ ದುಡಿದ ತಮಿಳರೂ ಅಲ್ಲಿದ್ದಾರೆ. ಜನ್ಮಂ ಎಂಬ ಹಳೆಯ ಜಮೀನ್ದಾರಿ ಹಿಡುವಳಿಯನ್ನು ತೆಗೆದುಹಾಕುವ ಗೂಡಲೂರು ಜನ್ಮಂ ಭೂಮಿ ರದ್ದತಿ ಕಾಯ್ದೆ 1969ರಲ್ಲಿ ಬಂತು. ಅದರಡಿಯ ಜಮೀನಿನ ತಕರಾರುಗಳು ದಶಕಗಳ ಕಾಲ ಕೋರ್ಟು ಸುತ್ತಿದವು. ಪಟ್ಟಾ ಇಲ್ಲದ ನೆಲದಲ್ಲಿ ಬದುಕುವವರಿಗೆ ಸರ್ಕಾರಗಳ ಮಾತು ಎಷ್ಟು ತೂಗುತ್ತದೆಂದು ಗೊತ್ತು. ಅಬ್ರಹಾಮ 75ನೆಯ ವಯಸ್ಸಿನಲ್ಲಿ ಊರು ಬಿಟ್ಟ. ಇಡೀ ಕಾನಾನ್ ದೇಶ ನಿನ್ನ ಸಂತಾನಕ್ಕೆ ಎಂಬ ಮಾತು ಸಿಕ್ಕಿತ್ತು. ಮಗನಿಗಾಗಿಯೇ ಇಪ್ಪತ್ತೈದು ವರ್ಷ ಕಾದ. ಕೊನೆಗೂ ಅವನ ಹೆಸರಿನಲ್ಲಿ ಆದ ನೆಲ ಹೆಂಡತಿ ಸಾರಳನ್ನು ಮಣ್ಣು ಮಾಡಲು ಕೊಂಡ ಹೊಲ ಮತ್ತು ಗವಿ ಮಾತ್ರ. ಅದಕ್ಕೆ 400 ಶೇಕೆಲ್ ಬೆಳ್ಳಿ ತೂಗಿಕೊಟ್ಟ. ಪುಕ್ಕಟೆಯಾಗಿ ತೆಗೆದುಕೋ ಎಂದರೂ ಒಪ್ಪದೆ, ಊರ ಬಾಗಿಲಲ್ಲಿ ಸಾಕ್ಷಿಗಳ ಮುಂದೆ. ದೇಶವನ್ನೇ ಕೊಡುವೆನೆಂದ ದೇವರನ್ನು ನಂಬಿದವನು ನೆರೆಯವನ ಜಮೀನನ್ನು ನನಗೆ ಬರೆದಿಟ್ಟದ್ದು ಎಂದು ಕಸಿದುಕೊಳ್ಳಲಿಲ್ಲ. ನಂಬಿಕೆ ವ್ಯವಹಾರಕ್ಕೆ ಇಳಿದಾಗ ಹೇಗಿರಬೇಕೆಂಬುದಕ್ಕೆ ಆದಿಕಾಂಡದ 23ನೆಯ ಅಧ್ಯಾಯದಷ್ಟು ಒಳ್ಳೆಯ ಪಾಠ ಬೇರೆ ಸಿಗದು. ಚೀಟಿ ಮಾಡುವವರ ಕಣ್ಣಿಗೆ ಅದು ಬೀಳದಿರುವುದು ಸಹಜ, ಅದರಲ್ಲಿ ವಾಗ್ದಾನದ ವಚನವೇ ಇಲ್ಲ.

ಕಥೋಲಿಕರಲ್ಲಿ ಚೀಟಿಯ ಪದ್ಧತಿಗಿಂತ ಹರಕೆ, ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೇನಾ, ಹಬ್ಬಗಳಿಗೆ ಹೆಚ್ಚು ಜಾಗ. ಅವರಲ್ಲೂ ವಾಗ್ದಾನದ ಭಕ್ತಿಯೊಂದಿದೆ. ಹದಿನೇಳನೆಯ ಶತಮಾನದ ಫ್ರೆಂಚ್ ಸಂನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕ್‌ಗೆ ಆದ ದರ್ಶನಗಳಿಂದ ಬೆಳೆದ ಯೇಸುವಿನ ಪವಿತ್ರ ಹೃದಯದ ಭಕ್ತಿಯಲ್ಲಿ ಹನ್ನೆರಡು ವಾಗ್ದಾನಗಳನ್ನು ಎಣಿಸುತ್ತಾರೆ. ಒಂಬತ್ತು ತಿಂಗಳ ಮೊದಲ ಶುಕ್ರವಾರಗಳಲ್ಲಿ ಬಿಡದೆ ಪರಮಪ್ರಸಾದ ಸ್ವೀಕರಿಸುವ ವ್ರತ ಅದಕ್ಕೆ ಸೇರಿದ್ದು. ಊಟಿಯ ಪ್ರಧಾನಾಲಯ ಇದೇ ಪವಿತ್ರ ಹೃದಯದ ಹೆಸರಿನದು. ಊಟಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1955ರಲ್ಲಿ. ಎಣಿಕೆಯ ಭಕ್ತಿ ಲೆಕ್ಕಾಚಾರವಾಗಿಬಿಡುವ ಅಪಾಯ ಇಲ್ಲಿಯೂ ಇದೆ.

ವಾಗ್ದಾನ ಒಂದೇ ಕಡೆಯಿಂದ ಬರುವುದಲ್ಲ ಎಂಬುದನ್ನು ದಕ್ಷಿಣ ಭಾರತ ಸಭೆಯ ಆರಾಧನೆಯೊಂದು ನೆನಪಿಸುತ್ತದೆ. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಈ ಸಭೆ ಹುಟ್ಟಿತು. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಮೆಥಡಿಸ್ಟರ ಪಾಲಿನಿಂದ ಇದಕ್ಕೆ ಬಂತು, 1963ರ ಅದರ ಆರಾಧನಾ ಪುಸ್ತಕದಲ್ಲಿ ಸೇರಿತು. ಮೆಥಡಿಸ್ಟರಲ್ಲಿ ಇದನ್ನು ಸಾಮಾನ್ಯವಾಗಿ ವರ್ಷದ ಮೊದಲ ದಿನಗಳಲ್ಲಿ ನಡೆಸುತ್ತಾರೆ. ಅದರಲ್ಲಿ ಮಾತು ಕೊಡುವವರು ಸೇರಿದ ಜನ. ಕೆಲಸಕ್ಕೆ ಹಚ್ಚಿದರೂ ಬದಿಗಿರಿಸಿದರೂ, ತುಂಬಿಸಿದರೂ ಬರಿದು ಮಾಡಿದರೂ ತಾವು ದೇವರವರೇ ಎಂಬರ್ಥದ ಒಪ್ಪಿಗೆಯನ್ನು ಎಲ್ಲರೂ ಒಟ್ಟಾಗಿ ಹೇಳುತ್ತಾರೆ; ಪ್ರತಿಯಾಗಿ ಇಂಥದ್ದು ಬೇಕೆಂಬ ಬೇಡಿಕೆ ಅದರಲ್ಲಿಲ್ಲ.