ಹಿಮ ಅಪ್ಪಣೆ ಕೊಟ್ಟರೆ ದಾರಿ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಕೆನಡಾ ಗಡಿಗೆ ತಾಗಿಕೊಂಡಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಬೇಸಿಗೆ ಬರುವುದು ತಡ, ಹೋಗುವುದು ಬೇಗ. ಮಕ್ಕಳ ಶಾಲೆ ಮುಗಿಯಿತೆಂದು ಜೂನ್ ಮೊದಲ ವಾರಕ್ಕೇ ಕೋಣೆ ಕಾದಿರಿಸಿದವರು ಅರ್ಧ ದಾರಿಯಲ್ಲಿ ಮುಚ್ಚಿದ ಗೇಟು ನೋಡಿ ಹಿಂದಿರುಗಬೇಕಾದೀತು. ಉದ್ಯಾನವನ್ನು ಅಡ್ಡಕ್ಕೆ ಸೀಳುವ 'ಗೋಯಿಂಗ್ ಟು ದ ಸನ್' ರಸ್ತೆ ಪೂರ್ತಿ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆಗೆ, ಕೆಲವು ವರ್ಷ ಜುಲೈಗೆ. ಏಪ್ರಿಲ್‌ನಿಂದಲೇ ಯಂತ್ರಗಳು ಹಿಮ ಬಗೆಯಲು ತೊಡಗಿರುತ್ತವೆ. 'ಬಿಗ್ ಡ್ರಿಫ್ಟ್' ಎಂಬಲ್ಲಿ ಅದು 80 ಅಡಿವರೆಗೂ ಪೇರಿಕೊಳ್ಳುವುದುಂಟು. ಅಕ್ಟೋಬರ್ ನಡುವೆ ಮತ್ತೆ ಬಾಗಿಲು ಮುಚ್ಚುತ್ತದೆ. ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆಯ ಕಾಟ. ನನ್ನನ್ನು ಕೇಳಿದರೆ, ಜುಲೈ ಎರಡನೇ ಅರ್ಧವೇ ಸರಿ.

80 ಕಿಲೋಮೀಟರಿನ ಈ ರಸ್ತೆಯ ಸೊಗಸು ಇರುವುದು ಅದರ ಸಂಯಮದಲ್ಲಿ. ಮೊದಲ ಯೋಜನೆಯಂತೆ ಲೋಗನ್ ತೊರೆಯ ಕಣಿವೆಯಲ್ಲಿ 15 ಹಿಮ್ಮುರಿ ತಿರುವುಗಳು ಬರಬೇಕಿತ್ತು. ಥಾಮಸ್ ವಿಂಟ್ ಎಂಬ ಭೂದೃಶ್ಯ ಶಿಲ್ಪಿ ಒಪ್ಪಲಿಲ್ಲ. ಅಷ್ಟೊಂದು ಗೀರಿದರೆ ಕಣಿವೆ ಕೆಟ್ಟೀತು ಎಂಬುದು ಅವರ ವಾದ. ಒಂದೇ ಒಂದು ತಿರುವು ಉಳಿಸಿ, 'ಗಾರ್ಡನ್ ವಾಲ್' ಬಂಡೆಗೋಡೆಯ ಮಗ್ಗುಲಲ್ಲೇ ರಸ್ತೆ ಕಡೆಯಲಾಯಿತು. 1933ರಲ್ಲಿ ಉದ್ಘಾಟನೆಯಾಯಿತು. ಘಾಟಿ ಏರಿದಂತೆಯೇ ಅನಿಸುವುದಿಲ್ಲ, 6,646 ಅಡಿಯ ಲೋಗನ್ ಪಾಸ್ ತಲುಪಿರುತ್ತೀರಿ. ಬಂಡೆ ಕೊರೆದ ದಾರಿಯಾದ್ದರಿಂದ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ಮನೆಯಂಥ ಮೋಟಾರ್ ಹೋಮ್ ಬಾಡಿಗೆಗೆ ಹಿಡಿಯುವ ಆಸೆಯಿದ್ದರೆ ಇಲ್ಲಿ ಬಿಟ್ಟುಬಿಡಿ. ಸ್ಟಿಯರಿಂಗ್ ಹಿಡಿದವರಿಗೆ ನೋಟ ದಕ್ಕುವುದಿಲ್ಲ. 1930ರ ದಶಕದ ಕೆಂಪು ಬಸ್ಸುಗಳು ಈಗಲೂ ಓಡುತ್ತವೆ, ಒಂದು ದಿನ ಅವುಗಳಲ್ಲಿ ಕೂರುವುದೇ ಜಾಣತನ.

ಲೋಗನ್ ಪಾಸ್‌ನ ಪಾರ್ಕಿಂಗ್ ಬೆಳಗ್ಗೆಯೇ ತುಂಬಿಹೋಗುತ್ತದೆ. ಸಂಜೆ ಹೋಗಿ. ಜುಲೈನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಬಿಳಿ ಪರ್ವತ ಮೇಕೆಗಳು ಕಂಡಾವು. ವಾಹನಗಳಿಗೆ ಮುಂಗಡ ಸಮಯ ಕಾದಿರಿಸುವ ಪದ್ಧತಿ 2021ರಲ್ಲಿ ಬಂತು, ನಿಯಮ ಆಗಾಗ ಬದಲಾಗುತ್ತಿದೆ. ಹೊರಡುವ ಮುನ್ನ ವಿಚಾರಿಸಿ. ಒಳಗೆ ಪೆಟ್ರೋಲ್ ಬಂಕ್ ಇಲ್ಲ. ಗ್ರಿಜ್ಲಿ ಕರಡಿಗಳಿವೆ, ಅವುಗಳಿಂದ 100 ಗಜ ದೂರವಿರಬೇಕೆಂಬುದು ನಿಯಮ. ಕರಡಿ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು.

ಉದ್ಯಾನದ ಪೂರ್ವ ಭಾಗದಲ್ಲಿ ಟ್ರಿಪಲ್ ಡಿವೈಡ್ ಶಿಖರವಿದೆ. ತುಂಗೆ, ಭದ್ರೆ, ನೇತ್ರಾವತಿಯರನ್ನು ಎರಡು ಕಡಲುಗಳಿಗೆ ಕಳಿಸಿಕೊಡುವ ಗಂಗಾಮೂಲದ ಸೀಮೆಯವರು ಇದನ್ನು ನೋಡಲೇಬೇಕು: ಇಲ್ಲಿ ಸುರಿದ ನೀರು ಪೆಸಿಫಿಕ್, ಮೆಕ್ಸಿಕೋ ಕೊಲ್ಲಿ, ಹಡ್ಸನ್ ಕೊಲ್ಲಿ ಹೀಗೆ ಮೂರು ದಿಕ್ಕು ಹಿಡಿಯುತ್ತದೆ.

ಗಡಿಯಾಚೆ ಕೆನಡಾದ ವಾಟರ್ಟನ್ ಉದ್ಯಾನ. 1932ರಲ್ಲಿ ಎರಡೂ ಸೇರಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಶಾಂತಿ ಉದ್ಯಾನವಾದವು. ಶಾಂತಿ ಎಷ್ಟೇ ಇರಲಿ, ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ಇಲ್ಲದವರು ರಸ್ತೆಯ ಪೂರ್ವ ತುದಿಯ ಸೇಂಟ್ ಮೇರಿಯಿಂದ ದಕ್ಷಿಣಕ್ಕೆ ತಿರುಗಿ, ಬ್ಲ್ಯಾಕ್‌ಫೀಟ್ ಜನರ ನೆಲ ಹಾದು ಟೂ ಮೆಡಿಸಿನ್ ಸರೋವರಕ್ಕೆ ಹೋಗಲಿ. ಅಲ್ಲಿ ಸಂದಣಿಯೂ ಕಡಿಮೆ.