ಇಮೇಲ್‌ನಲ್ಲಿ ಅರ್ಜಿ ತುಂಬಿ ಕಳಿಸಿದರೆ ಕೆಲಸ ಮುಗಿಯಿತೇ?

ದಾವಣಗೆರೆಯ ಒಂದು ಸಂಘ ಕಾಲೇಜು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ ಎಂದುಕೊಳ್ಳೋಣ. ಹಿಂದೆಲ್ಲ ಹರಿಹರದ ವಿದ್ಯಾರ್ಥಿನಿ ಅರ್ಜಿ ಕೊಡಲು ಸುಮಾರು 14 ಕಿ.ಮೀ. ಬಸ್ಸಿನಲ್ಲಿ ಬರಬೇಕಿತ್ತು. ಈಗ ಸಂಘದವರು ಪಿಡಿಎಫ್ ಅರ್ಜಿಯನ್ನು ಇಮೇಲ್ ಮಾಡುತ್ತಾರೆ, ಆಕೆ ಮೊಬೈಲ್‌ನಲ್ಲೇ ತುಂಬಿ ವಾಪಸ್ ಕಳಿಸುತ್ತಾಳೆ. ಬಸ್ ಚಾರ್ಜೂ ಉಳಿಯಿತು, ಸಮಯವೂ ಉಳಿಯಿತು. ಆದರೆ ಸಂಘದವರು ತೆರೆದು ನೋಡಿದರೆ ಅರ್ಜಿ ಖಾಲಿ! ತಪ್ಪು ಯಾರದು? ಬಹಳ ಸಲ ಇಬ್ಬರದೂ ಅಲ್ಲ. ಏಕೆಂದು ನೋಡೋಣ.

ತುಂಬಿದ್ದು ಎಲ್ಲಿ ಹೋಯಿತು?

ಪಿಡಿಎಫ್ ಬಂದದ್ದು 1993ರಲ್ಲಿ. ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂಬುದು ಅದರ ಉದ್ದೇಶ. ಅಂದರೆ ಅದು ಅಚ್ಚಾದ ಹಾಳೆಯಂತೆ. ಅರ್ಜಿಯಲ್ಲಿ ನಾವು ತುಂಬುವ ಚೌಕಗಳು ಆ ಹಾಳೆಯ ಮೇಲೆ ಕೂರಿಸಿದ ಇನ್ನೊಂದು ಪದರ. ಪ್ರತಿ ಚೌಕಕ್ಕೂ ಒಂದು ಹೆಸರು, ಅದರೊಳಗೆ ನಾವು ಬರೆದ ಉತ್ತರ. ಈ ಪದರವನ್ನು ಓದಿಯೇ ಕಂಪ್ಯೂಟರ್ ನೂರಾರು ಅರ್ಜಿಗಳ ಉತ್ತರಗಳನ್ನು ಒಂದು ಪಟ್ಟಿಗೆ ತರುತ್ತದೆ.

ಕೆಲವರು ಅರ್ಜಿಯನ್ನು ಮೇಲ್‌ನೊಳಗೇ ತೆರೆದು ತುಂಬುತ್ತಾರೆ, ಡೌನ್‌ಲೋಡ್ ಮಾಡಿ ಸೇವ್ ಮಾಡುವುದಿಲ್ಲ. ಆಮೇಲೆ ಮೂಲ ಫೈಲನ್ನೇ ಫಾರ್ವರ್ಡ್ ಮಾಡುತ್ತಾರೆ. ಅದು ಖಾಲಿಯೇ ಇರುತ್ತದೆ. ಇನ್ನು ಕೆಲವರು ತುಂಬಿದ ಮೇಲೆ ‘ಪ್ರಿಂಟ್’ ಒತ್ತಿ ಮತ್ತೊಂದು ಪಿಡಿಎಫ್ ಮಾಡುತ್ತಾರೆ. ಆಗ ಉತ್ತರ ಕಣ್ಣಿಗೆ ಕಾಣುತ್ತದೆ, ಆದರೆ ಚೌಕಗಳ ಪದರವೇ ಮಾಯವಾಗಿರುತ್ತದೆ. ಸಂಘದವರು ಒಂದೊಂದನ್ನೂ ನೋಡಿ ಕೈಯಾರೆ ಟೈಪ್ ಮಾಡಬೇಕು. ಅರ್ಜಿಯ ಕೊನೆಯ ‘ಸಬ್ಮಿಟ್’ ಬಟನ್ ಒತ್ತಿದರೂ ಏನೂ ಆಗದಿರಬಹುದು. ಅಂಥ ಬಟನ್ ಸಾಮಾನ್ಯವಾಗಿ ಕಂಪ್ಯೂಟರ್‌ನಲ್ಲಿ ಅಳವಡಿಸಿದ ಮೇಲ್ ತಂತ್ರಾಂಶವನ್ನು ಹುಡುಕುತ್ತದೆ. ಬ್ರೌಸರ್‌ನಲ್ಲಿ ಜಿಮೇಲ್ ನೋಡುವವರಲ್ಲಿ ಅದು ಇರುವುದೇ ಅಪರೂಪ.

ಕನ್ನಡದ ಪರೀಕ್ಷೆ

ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಈ ತೊಂದರೆ ಇಲ್ಲ. ಆದರೂ ಪಿಡಿಎಫ್ ಚೌಕದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರದೇ ಹೋಗಬಹುದು. ಹಾಗಾಗಿ ಅರ್ಜಿ ತಯಾರಿಸುವವರು ‘ಹರಿಹರ’ ಎಂದು ಬರೆದು ಪರೀಕ್ಷಿಸಿದರೆ ಸಾಲದು, ಅದರಲ್ಲಿ ಒತ್ತೇ ಇಲ್ಲ. ‘ಚಿತ್ರದುರ್ಗ’ ಎಂದು ಬರೆದು ನೋಡಲಿ.

ಊರು ಒಂದೇ, ಸ್ಪೆಲ್ಲಿಂಗ್ ಹಲವು

ಇಂಗ್ಲಿಷಿನಲ್ಲಿ ತುಂಬಿಸಿದರೆ ಇನ್ನೊಂದು ಪಜೀತಿ. ವಿಶ್ವವಿದ್ಯಾನಿಲಯ ತನ್ನ ಹೆಸರನ್ನು ‘ದಾವಣ್‌ಗೆರೆ’ ಎಂದು ಓದಿಸುವಂತೆ ಬರೆಯುತ್ತದೆ. ಜಿಲ್ಲಾಡಳಿತ ನಡುವೆ ಒಂದು ‘ಎ’ ಸೇರಿಸುತ್ತದೆ. ‘ಹರಿಹರ’ದ ಕೊನೆಗೆ ಕೆಲವರು ‘ಎ’ ಹಾಕುತ್ತಾರೆ, ಕೆಲವರು ಬಿಡುತ್ತಾರೆ. ನಮಗೆ ಇದು ಒಂದೇ ಊರು, ಕಂಪ್ಯೂಟರ್‌ಗೆ ಬೇರೆ ಬೇರೆ. ಹರಿಹರದಿಂದ ಎಷ್ಟು ಅರ್ಜಿ ಬಂದವು ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪರಿಹಾರ ಸುಲಭ: ಊರಿನ ಹೆಸರನ್ನು ಬರೆಯಲು ಬಿಡದೆ, ಪಟ್ಟಿಯಿಂದ ಆರಿಸಲು ಹೇಳಬೇಕು.

ಖಾತೆ ಸಂಖ್ಯೆ ಬದಲಾಗುತ್ತದೆ, ಹುಷಾರ್!

ಎಲ್ಲಕ್ಕಿಂತ ದುಬಾರಿ ತಪ್ಪು ಆಗುವುದು ಉತ್ತರಗಳನ್ನು ಎಕ್ಸೆಲ್‌ಗೆ ತಂದಾಗ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಡುತ್ತದೆ. ಕೆಲವು ಬ್ಯಾಂಕ್‌ಗಳ ಖಾತೆ ಸಂಖ್ಯೆ 16 ಅಂಕಿಯದು. ಅದನ್ನು ಸಂಖ್ಯೆ ಎಂದು ಓದಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮೊದಲಲ್ಲಿ ಸೊನ್ನೆ ಇದ್ದರೆ ಅದು ಅಳಿಸಿಹೋಗುತ್ತದೆ. ವಿದ್ಯಾರ್ಥಿನಿ ಸರಿಯಾಗಿಯೇ ಬರೆದಿದ್ದರೂ ಹಣ ಅವಳ ಖಾತೆಗೆ ಬರುವುದಿಲ್ಲ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿ ತರಬೇಕು. ಒಮ್ಮೆ ಹೋದ ಅಂಕಿ ಆಮೇಲೆ ಟೆಕ್ಸ್ಟ್ ಮಾಡಿದರೆ ಮರಳುವುದಿಲ್ಲ.

ಹಾಗಾದರೆ ಗೂಗಲ್ ಫಾರ್ಮ್ ಒಳ್ಳೆಯದೇ?

ಹೆಚ್ಚಿನ ಸಂದರ್ಭಗಳಲ್ಲಿ ಹೌದು. ಫೈಲ್ ಬದಲು ಕೊಂಡಿ ಕಳಿಸಿದರಾಯಿತು, ಉತ್ತರಗಳು ತಾವಾಗಿಯೇ ಒಂದೆಡೆ ಸೇರುತ್ತವೆ. ಖಾಲಿ ಅರ್ಜಿ ಬರದಂತೆ ಪ್ರಶ್ನೆಗಳನ್ನು ಕಡ್ಡಾಯ ಮಾಡಬಹುದು. ಆದರೆ ‘ಫಲಿತಾಂಶದ ಸಾರಾಂಶ ನೋಡಿ’ ಎಂಬ ಆಯ್ಕೆ ಚಾಲೂ ಇದ್ದರೆ ಒಬ್ಬರ ಉತ್ತರ ಎಲ್ಲರಿಗೂ ಕಾಣುತ್ತದೆ. ಮೇಲ್ ಕಳಿಸುವಾಗ ಎಲ್ಲ ವಿಳಾಸಗಳನ್ನು ‘ಟು’ನಲ್ಲಿ ಹಾಕಿದರೂ ಇದೇ ಕಥೆ, ‘ಬಿಸಿಸಿ’ಯಲ್ಲಿ ಹಾಕಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಸರಳ: ಯಾವ ಕೆಲಸಕ್ಕೆ ಎಂದು ಹೇಳಿ, ಅದಕ್ಕೆ ಬೇಕಾದಷ್ಟೇ ಮಾಹಿತಿ ಕೇಳಿ. ಆಧಾರ್ ಸಂಖ್ಯೆ ಬೇಡವಾದರೆ ಕೇಳಲೇಬೇಡಿ.

ತುಂಬುವವರಿಗೂ ಒಂದು ಮಾತು. ಫಾರ್ಮ್ ನೋಡಲು ಅಚ್ಚುಕಟ್ಟಾಗಿದೆ ಎಂದ ಮಾತ್ರಕ್ಕೆ ಅಸಲಿ ಎಂದಲ್ಲ. ಯಾರು ಬೇಕಾದರೂ ಐದು ನಿಮಿಷದಲ್ಲಿ ಮಾಡಬಹುದು. ಒಟಿಪಿ, ಪಿನ್, ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಮುಚ್ಚಿ. ಮೋಸಹೋಗಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ, ಅರ್ಜಿ ಕಳಿಸಿದ ಮೇಲೆ ‘ಕಳಿಸಿದ ಮೇಲ್’ ತೆರೆದು ಲಗತ್ತನ್ನು ಒಮ್ಮೆ ನೋಡಿ. ಸಂಘದವರೂ ‘ತಲುಪಿದೆ’ ಎಂದು ಒಂದು ಸಾಲು ಉತ್ತರಿಸಲಿ. ಅಷ್ಟಾದರೆ ಹರಿಹರದ ಆ ಹುಡುಗಿ ಮತ್ತೆ ಬಸ್ಸು ಹತ್ತಬೇಕಾಗಿಲ್ಲ.